ಡಬ್ಬಿಯ ಹಿಂದಿನ ಮುಖ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ವರ್ಷಗಟ್ಟಲೆ ರಟ್ಟಿನ ಮಡಿಕೆಗಳನ್ನು ಅದರಿಂದಲೇ ಒತ್ತಿ ಗೆರೆ ಮೂಡಿಸುತ್ತಿದ್ದರು. ಆಕ್ಲೆಂಡಿನ ಆ ಚಿಕ್ಕ ಡಿಸೈನ್ ಆಫೀಸಿನಲ್ಲಿ ಉಳಿದವರೆಲ್ಲ ಕಂಪ್ಯೂಟರಿನಲ್ಲೇ ಡಬ್ಬಿ ಮಾಡುತ್ತಿದ್ದೆವು. ನಾನು ಅಕ್ಕ ಎನ್ನುತ್ತಿದ್ದ ಧಾರವಾಡದ ಈ ಹಿರಿಯ ಡಿಸೈನರ್ ಮಾತ್ರ ರಟ್ಟನ್ನು ಕತ್ತರಿಸಿ, ಮಡಚಿ, ತೆರೆದು ನೋಡುತ್ತಿದ್ದರು.

ಮೈಸೂರಿನಿಂದ ಹೊಸದಾಗಿ ಬಂದಿದ್ದ ನನಗೆ ಹೇಳುತ್ತಿದ್ದರು: "ನೋಡವಾ, ಡಬ್ಬಿ ಕೈಗೆ ಮೊದಲ ಒಲೀಬೇಕು. ಕಣ್ಣಿಗೆ ಆಮ್ಯಾಲೆ."

ಹಳೆಯ ಬ್ರಿಟಿಷ್ ಪದ್ಧತಿಯ ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು, ಶುಂಠಿ ಬಿಸ್ಕತ್ತು ಮಾಡುವ ಒಂದು ಕಂಪನಿ ತನ್ನ ಪ್ಯಾಕೆಟ್ ಬದಲಿಸಿಕೊಡಿ ಎಂದು ನಮ್ಮಲ್ಲಿಗೆ ಬಂತು. ಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಅಕ್ಕ ಹಳೆಯ ಪ್ಯಾಕೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ತಕಾನಿನಿ ಬಡಾವಣೆಯ ವೃದ್ಧಾಶ್ರಮಕ್ಕೆ ಹೋದರು. ಅಲ್ಲಿ ಒಬ್ಬ ಮುದುಕ ಪ್ಲಾಸ್ಟಿಕ್ಕನ್ನು ಎಳೆದ, ಹಲ್ಲಿನಿಂದ ಕಚ್ಚಿದ. ಕೊನೆಗೆ ಅದು ಒಮ್ಮೆಲೇ ಹರಿದು ಬಿಸ್ಕತ್ತೆಲ್ಲ ನೆಲಕ್ಕೆ ಚೆಲ್ಲಿತು. ಆತ ನಾಚಿಕೆಯಿಂದ ಕೆಂಪಾಗಿ, ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ಅಕ್ಕ ನೆಲದ ಮೇಲೆ ಕೂತು ಒಂದೊಂದೇ ಚೂರು ಆರಿಸಿದರು.

ಆಮೇಲೆ ಅವರು ಮಾಡಿದ ಡಬ್ಬಿಗೆ ಅಗಲವಾದ ಒಂದು ಪಟ್ಟಿ ಇತ್ತು. ಒಂದು ಬೆರಳು ತೂರಿಸಿ ಎಳೆದರೆ ಸಾಕು, ನಡುಗುವ ಕೈಗೂ ತೆರೆದುಕೊಳ್ಳುತ್ತಿತ್ತು. ಮುಖದ ಮೇಲೆ ಚಹಾದಲ್ಲಿ ಅರ್ಧ ಅದ್ದಿದ ಬಿಸ್ಕತ್ತಿನ ಚಿತ್ರ. ಅದನ್ನೂ ಅವರೇ ಬರೆದದ್ದು.

ಕಂಪನಿಯವರು ಕುಣಿದಾಡಿದರು. ಡಬ್ಬಿಯ ಹಿಂಬದಿಗೆ ಅದನ್ನು ರೂಪಿಸಿದವರ ಫೋಟೊ ಹಾಕುತ್ತೇವೆ ಎಂದರು. ಅಚ್ಚಾಗಿ ಬಂದಾಗ ಅಲ್ಲಿ ಇದ್ದದ್ದು ನಮ್ಮ ಆಫೀಸಿನ ಯಜಮಾನನ ಮುಖ. ಇಂಗ್ಲೆಂಡಿನ ತನ್ನ ಅಜ್ಜಿಯ ಚಹಾದ ನೆನಪಿನಿಂದ ಈ ಡಬ್ಬಿ ಹುಟ್ಟಿತು ಎಂದು ಕೆಳಗೆ ಬರೆಸಿದ್ದ.

ಹೀಗೇಕೆ ಮಾಡಿದೆ ಎಂದು ಅಕ್ಕ ಎಲ್ಲರ ಎದುರಿಗೇ ಆತನನ್ನು ಕೇಳಿದರು. ಆತ ನಗುತ್ತ, ಇದು ಇಂಗ್ಲಿಷ್ ಬಿಸ್ಕತ್ತು, ಗಿರಾಕಿಗಳಿಗೆ ಗೊಂದಲ ಆಗಬಾರದು, ನಾವೆಲ್ಲ ಒಂದೇ ತಂಡ ಅಲ್ಲವೇ ಎಂದ. ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನನ್ನ ಮಾರಿ ನೋಡಿದ್ರ ಬಿಸ್ಕೀಟು ಕಹಿ ಆಗ್ತದೇನವಾ?" ಎಂದರು.

ಆ ಬೇಸಿಗೆ ಮುಗಿಯುವುದರೊಳಗೆ ಅವರ ಹುದ್ದೆಯೇ ಬೇಡವೆಂದು ಯಜಮಾನ ಅವರನ್ನು ಕೆಲಸದಿಂದ ತೆಗೆದ. ಬೇರೆಲ್ಲೂ ಕೆಲಸ ಸಿಗಲಿಲ್ಲ. ಹೋದಲ್ಲೆಲ್ಲ ತೋರಿಸಬೇಕಾದ ಡಬ್ಬಿಯ ಹಿಂದೆ ಇನ್ನೊಬ್ಬರ ಮುಖವಿತ್ತು. ಆಮೇಲೆ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ನಾನು, "ಅವನನ್ನ ಕ್ಷಮಿಸಿಬಿಡಿ ಅಕ್ಕ, ಮನಸ್ಸಿಗೆ ನೆಮ್ಮದಿ ಸಿಗುತ್ತೆ" ಎಂದೆ. "ಕ್ಷಮಿಸೂದು ದೊಡ್ಡವ್ರ ಕೆಲಸ ಅಂತಾರ," ಎಂದು ಗೋಡೆಯ ಕಡೆ ಹೊರಳಿದರು. "ನಾ ಅಷ್ಟು ದೊಡ್ಡಾಕಿ ಅಲ್ಲವ್ವಾ."

ಅಂತ್ಯಕ್ರಿಯೆಗೆ ಯಜಮಾನನೂ ಕಪ್ಪು ಕೋಟು ತೊಟ್ಟು ಬಂದು ಎರಡನೇ ಸಾಲಿನಲ್ಲಿ ಕೂತ. ಇಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದ. ಅಮ್ಮ ಯಾವುದೋ ಡಿಸೈನ್ ಆಫೀಸಿನಲ್ಲಿ ಇದ್ದರು ಎಂದನೇ ಹೊರತು ಅವನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಮನೆಯಲ್ಲಿ ಅಕ್ಕ ಈ ಅವಮಾನವನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ.

ನನ್ನ ವೀಸಾ ಆಗಿನ್ನೂ ಆ ಯಜಮಾನನ ಕೈಯಲ್ಲೇ ಇತ್ತು; ಆತ ಕೆಲಸದಿಂದ ತೆಗೆದರೆ ನಾನು ದೇಶ ಬಿಡಬೇಕಿತ್ತು. ಆದರೂ ಎದ್ದು ನಿಂತೆ. ಆ ಡಬ್ಬಿ ಯಾರದು, ಯಾವ ಮುದುಕನಿಗಾಗಿ ಹುಟ್ಟಿದ್ದು ಎಂದು ಮೊದಲು ಕನ್ನಡದಲ್ಲಿ ಹೇಳಿದೆ. ಮಗನಿಗೆ ಪೂರ್ತಿ ತಿಳಿಯಲಿ, ಎರಡನೇ ಸಾಲಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ.

ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಯಜಮಾನ ತಲೆ ಎತ್ತಲಿಲ್ಲ.