ಅಜ್ಜಿ ಹಾಡಿದಾಗ ಓಡುತ್ತಿದ್ದ ಟೇಪು

ಅಟ್ಟ ಗುಡಿಸುವಾಗ ಹಾಸನದಲ್ಲಿದ್ದ ಅಪ್ಪನ ಸ್ಟುಡಿಯೋದ ಟೇಪೊಂದು ಸಿಕ್ಕಿತು. ಅದೇ ಬಿಸಿ ಪ್ಲಾಸ್ಟಿಕ್ಕಿನ ವಾಸನೆ.

ಅಲ್ಲಿದ್ದ ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರಿಗೆ ಹೊಸ ಟೇಪು ಹಾಕಿದರೆ, ಮೊದಲು ಅದರ ಉದ್ದಕ್ಕೂ ಸಮಯದ ಗುರುತು, ಅಂದರೆ ಟೈಮ್‌ಕೋಡ್, ಬರೆಸಬೇಕಿತ್ತು. ಅದಕ್ಕೆ ಟೇಪು ಒಂದು ಸಲ ಕೊನೆಯವರೆಗೂ ಓಡಬೇಕು, ಆಗ ದನಿ ದಾಖಲಾಗದು. ಹಾಡು ಆಮೇಲೆ.

ಸೋಬಾನೆ ಹಾಡೋಕೆ ಕೊಣನೂರಿನಿಂದ ಬಂದ ಅಜ್ಜಿಗೂ ಅಪ್ಪ, "ತಡ್ಕೊಳವ್ವ, ಟೇಪು ರೆಡಿಯಾಗ್ಲಿ" ಅಂದರು. ಅಜ್ಜಿ ಸುಮ್ಮನೆ ಕೂರುವ ಜೀವವಲ್ಲ. ನನ್ನ ಜಡೆ ಹೆಣೆಯುತ್ತಾ ಅಷ್ಟೂ ಹಾಡು ಹಾಡಿ ಮುಗಿಸಿತು. ಪಕ್ಕದಲ್ಲಿದ್ದ ಸಾದಾ ಟೇಪ್‌ರೆಕಾರ್ಡರನ್ನಾದರೂ ಒತ್ತಬೇಕೆಂದು ಯಾರಿಗೂ ತೋಚಲಿಲ್ಲ. ಟೇಪು ಸಿದ್ಧವಾಗುವಷ್ಟರಲ್ಲಿ ಅಜ್ಜಿ ಎದ್ದು, "ಬಸ್ಸು ಒಂಟೋಯ್ತದೆ ಕಣ್ಲಾ, ಇನ್ನೊಂದ್ಸಲ ಬತ್ತೀನಿ" ಅಂತು. ಆ ಬೇಸಿಗೆಯನ್ನು ಅಜ್ಜಿ ದಾಟಲೇ ಇಲ್ಲ.

ಈಗ ಹಳೇ ಮಿಷನ್ನಿಗೆ ಅವತ್ತಿನ ಅದೇ ಟೇಪು ಹಾಕಿ ಕೂತಿದ್ದೇನೆ. ನಿಮಿಷ, ಸೆಕೆಂಡು ಅಚ್ಚುಕಟ್ಟಾಗಿ ಓಡುತ್ತಿವೆ. ಅಜ್ಜಿ ಹಾಡಿದ ಹೊತ್ತಷ್ಟೂ ಇದರಲ್ಲಿದೆ. ಹಾಡು ಮಾತ್ರ ಇಲ್ಲ.