ದಡಕ್ಕೆ ಹಾಕುವ ಮಿಸ್

ಬೆಳಗಿನ ಏಳೂವರೆ ಆದರೂ ರಾಟರ್‌ಡ್ಯಾಮ್‌ನ ಮಾಸ್‌ಹಾವನ್ ಬಂದರಿನಲ್ಲಿ ಇನ್ನೂ ಕತ್ತಲು. ರಾತ್ರಿ ಬಂದ ಸರಕುದೋಣಿಗಳು ದಕ್ಕೆಗೆ ಒತ್ತಿಕೊಂಡು ಒಂದರ ಮಗ್ಗುಲಿಗೊಂದು ನಿಂತಿವೆ. ಮೊದಲನೆಯದರಲ್ಲಿ ಗೋಧಿ, ಅದರಾಚೆಯದರಲ್ಲಿ ಮರಳು, ತೀರಾ ಆಚೆಯದರಲ್ಲಿ ಏನಿದೆಯೋ ಮಂಜಿನಲ್ಲಿ ಕಾಣುತ್ತಿಲ್ಲ. ಫೆನ್ನಾ ಬೋಸ್ಮಾ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ, ಬರಿಗೈಯಲ್ಲಿ ಕಬ್ಬಿಣದ ಕಂಬಿ ಹಿಡಿದು, ಮೊದಲ ದೋಣಿಯ ಮೇಲೆ ಕಾಲಿಡುತ್ತಾರೆ. ಅಲ್ಲಿಂದ ಎರಡನೆಯದು, ಅಲ್ಲಿಂದ ಮೂರನೆಯದು. ಎರಡು ದೋಣಿಗಳ ನಡುವೆ ಒಂದು ಗೇಣು ಕಪ್ಪು ನೀರು. ಅವರಿಗೆ ಅರವತ್ತೊಂದು ವರ್ಷ.

ಚುಕ್ಕಾಣಿ ಕೋಣೆಯಿಂದ ಕಾಫಿ ಲೋಟ ಹಿಡಿದು ಇಣುಕಿದ ಬಾರೆಂಡ್ ಎಂಬ ದೋಣಿಯವನು, ಒಂದು ಕಾಲಕ್ಕೆ ಅವರ ಹತ್ತಿರವೇ ಕಲಿತವನು, ಕೂಗುತ್ತಾನೆ: "ಏನ್ ಮಿಸ್, ಈ ವಯಸ್ಸಲ್ಲೂ ಮಂಗನ ಥರ ಹಾರ್ತೀರಲ್ಲ! ನೀರಿಗೆ ಬಿದ್ರೆ ಎತ್ತೋರ್ಯಾರು?"

"ನೀನೇ ಎತ್ತಬೇಕು ಕಣೋ. ಏಳರ ಮಗ್ಗಿ ಇನ್ನೂ ಬಾಕಿ ಇಟ್ಕೊಂಡಿದೀಯ. ಅದನ್ನ ಒಪ್ಪಿಸೋವರೆಗೂ ನಾನು ಸಾಯಲ್ಲ."

ಆಚೆ ತುದಿಯ ದೋಣಿಯಲ್ಲಿ ಒಬ್ಬ ತಾಯಿ ಕಾಯುತ್ತಿದ್ದಾಳೆ. ಅವಳ ಮಗಳಿಗೆ ನಾಲ್ಕು ವರ್ಷ. ಕಿತ್ತಳೆ ಬಣ್ಣದ ತೇಲುವ ಅಂಗಿ, ಬೆನ್ನಿಗೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ದೋಣಿಗೆ. ನಡೆಯಲು ಕಲಿತ ದಿನದಿಂದ ಇಲ್ಲಿನ ಮಕ್ಕಳು ಹೀಗೆ ಕಟ್ಟಿಸಿಕೊಂಡೇ ಆಡುತ್ತವೆ. ತಾಯಿ ಹಗ್ಗ ಬಿಚ್ಚಿ ಮಗುವನ್ನು ಫೆನ್ನಾರ ಕೈಗೆ ಕೊಡುತ್ತಾಳೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ಅದೇ ದಾರಿಯಲ್ಲಿ ಫೆನ್ನಾ ವಾಪಸ್ಸು ಬರುತ್ತಾರೆ, ಈಗ ಇನ್ನೂ ನಿಧಾನವಾಗಿ.

ದಕ್ಕೆಯ ಮೇಲಿನ ಒಂಟಿ ಕೋಣೆಯೇ ಅವರ ಶಾಲೆ. ಮೊಣಕಾಲೆತ್ತರದ ಕುರ್ಚಿಗಳು, ಉಸಿರುಕಟ್ಟಿದಂತೆ ಸದ್ದು ಮಾಡುವ ಹೀಟರು, ಗೋಡೆ ತುಂಬಾ ನದಿಗಳ ನಕ್ಷೆ. ಇವತ್ತು ಮೂರು ಮಕ್ಕಳಿದ್ದರೆ ನಾಳೆ ಆರು, ನಾಡಿದ್ದು ಒಂದೂ ಇಲ್ಲ. ಸರಕು ಇಳಿದ ಗಳಿಗೆಯಲ್ಲಿ ದೋಣಿ ಹೊರಡುತ್ತದೆ, ಅರ್ಧ ಬರೆದ ಅಕ್ಷರ ಅರ್ಧಕ್ಕೇ ನಿಲ್ಲುತ್ತದೆ. ಮಿಕ್ಕರ್ಧವನ್ನು ಫೆನ್ನಾ ಫೋನಿನ ಪರದೆಯಲ್ಲಿ ಕಲಿಸುತ್ತಾರೆ. ಮಗು ಆಗ ಜರ್ಮನಿಯಲ್ಲಿರಬಹುದು, ಸ್ವಿಟ್ಜರ್‌ಲೆಂಡಿನಲ್ಲಿರಬಹುದು. ಸೇತುವೆಯ ಕೆಳಗೆ ಹೋದಾಗ ಪರದೆ ಕಪ್ಪಾಗುತ್ತದೆ. ಆಚೆ ಬರುವವರೆಗೆ ಮಿಸ್ ಕಾಯುತ್ತಾರೆ.

ಮೂರೂವರೆ ವರ್ಷಕ್ಕೆ ಅವರ ಕೈಗೆ ಬರುವ ಮಗು ಏಳು ತುಂಬುವವರೆಗೆ ಅವರದು. ಆಮೇಲೆ ಪೂರ್ತಿ ಶಾಲೆಗೆ ಹೋಗಲೇಬೇಕು, ಅದು ಕಾನೂನು. ದೋಣಿಯ ಮಕ್ಕಳಿಗೆ ಅದರರ್ಥ ದಡದ ಮೇಲಿನ ಹಾಸ್ಟೆಲ್. ಅಪ್ಪ ಅಮ್ಮ ನೀರಿನ ಮೇಲೆ, ಮಗು ನೆಲದ ಮೇಲೆ. ಸರಕು ಒಪ್ಪಿದರೆ ಶನಿವಾರ ಭಾನುವಾರ ಭೇಟಿ. ಇದಕ್ಕೆ ದೋಣಿಯವರು 'ದಡಕ್ಕೆ ಹಾಕೋದು' ಅನ್ನುತ್ತಾರೆ. ಕೆಲವು ಮನೆಗಳಲ್ಲಿ ತಾಯಂದಿರು ಮಕ್ಕಳ ಜೊತೆ ದಡದಲ್ಲಿ ಉಳಿದುಬಿಡುತ್ತಾರೆ. ಗಂಡಹೆಂಡತಿ ಇಬ್ಬರೇ ನಡೆಸುವ ದೋಣಿಗಳಲ್ಲಿ ಆ ಮಾತೇ ಇಲ್ಲ.

"ಬೇರೆ ಮಿಸ್‌ಗಳು ಮಕ್ಕಳನ್ನ ಮುಂದಿನ ಕ್ಲಾಸಿಗೆ ಕಳಿಸ್ತಾರೆ," ಎನ್ನುತ್ತಾರೆ ಫೆನ್ನಾ, ಮಗುವಿನ ಬೂಟು ಬಿಚ್ಚುತ್ತಾ. "ನಾನು ಅಮ್ಮನ ಹತ್ರದಿಂದ ಆಚೆ ಕಳಿಸ್ತೀನಿ. ಚೆನ್ನಾಗಿ ಕಲಿಸಿದಷ್ಟೂ ಆ ಮಕ್ಕಳಿಗೆ ಹೋಗೋದು ಸುಲಭ ಆಗುತ್ತೆ ಅಂತ ನಂಬ್ಕೊಂಡಿದೀನಿ. ನಂಬ್ದೆ ಇದ್ರೆ ಬೆಳಗ್ಗೆ ಎದ್ದು ಬರೋಕಾಗಲ್ಲ."

ಫೆನ್ನಾ ಹುಟ್ಟಿದ್ದೂ ದೋಣಿಯಲ್ಲೇ. ಆಗೆಲ್ಲ ಆರಕ್ಕೇ ದಡಕ್ಕೆ ಹಾಕುತ್ತಿದ್ದರು, ಅವರನ್ನೂ ಹಾಗೇ ಹಾಕಿದರು. ಮರುವರ್ಷ ತಮ್ಮ ಯೆಲ್ಲೆ ಅದೇ ಹಾಸ್ಟೆಲ್ಲಿಗೆ ಬಂದ. ಹುಡುಗಿಯರು ಒಂದು ಮಹಡಿ, ಹುಡುಗರು ಇನ್ನೊಂದು. ಅಕ್ಕ ತಮ್ಮ ಸೇರುತ್ತಿದ್ದದ್ದು ಊಟದ ಕೋಣೆಯಲ್ಲಿ, ಬೇರೆ ಬೇರೆ ಮೇಜಿನಿಂದ ಒಬ್ಬರನ್ನೊಬ್ಬರು ನೋಡುವ ಮಟ್ಟಿಗೆ. "ಮೊದಲ ವಾರ ಎಲ್ಲ ಮಕ್ಕಳೂ ಅಳ್ತಾವೆ. ಅವನು ಅಳ್ಲಿಲ್ಲ. ಒಳ್ಳೇ ಹುಡುಗ, ಗಲಾಟೆ ಇಲ್ಲ ಅಂತ ಎಲ್ರೂ ಹೊಗಳಿದ್ರು. ನಂಗೂ ಹೆಮ್ಮೆ ಆಯ್ತು." ಯೆಲ್ಲೆಗೆ ಓದು ಹತ್ತಲಿಲ್ಲ. ದೊಡ್ಡವನಾದ ಮೇಲೆ ದೋಣಿಗೂ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಿದ್ದ, ಕೋಟು ಬಿಚ್ಚದೆ ಕೂತು ಹೋಗುತ್ತಿದ್ದ. ಆರು ವರ್ಷದ ಹಿಂದೆ ತೀರಿಕೊಂಡ. "ಯಾರ ಮೇಲೂ ಒಂದಿನ ಸಿಟ್ಟು ಮಾಡ್ಕೊಳ್ಲಿಲ್ಲ. ಯಾರನ್ನೂ ಹತ್ರಕ್ಕೆ ಬಿಟ್ಕೊಳ್ಳಲೂ ಇಲ್ಲ. ಕಲಿಸೋರು ಒಬ್ರು ಅವನ ಪಕ್ಕ ಸುಮ್ನೆ ಕೂತಿದ್ರೆ ಸಾಕಿತ್ತೇನೋ." ಇಪ್ಪತ್ತೆರಡನೇ ವಯಸ್ಸಿಗೆ ಫೆನ್ನಾ ಈ ಕೆಲಸ ಕೇಳಿಕೊಂಡು ಬಂದರು. ಅಂದಿನಿಂದ ಬೇರೆ ಕೆಲಸ ನೋಡಿಲ್ಲ.

ಇಷ್ಟು ವರ್ಷದಲ್ಲಿ ಅವರನ್ನು ಅಲ್ಲಾಡಿಸಿದ ಮಗು ಯಾವುದು ಎಂದು ಕೇಳಿದರೆ ಯೋಚಿಸದೆ ಒಂದು ಹೆಸರು ಹೇಳುತ್ತಾರೆ: ನಿಂಕೆ.

ನಿಂಕೆ 'ಯೊಹಾನ್ನಾ' ದೋಣಿಯ ಹುಡುಗಿ. ಅಪ್ಪ ವೀಬ್ರನ್, ಅಮ್ಮ ಅಲೈದಾ, ಒಬ್ಬಳೇ ಮಗಳು. ಐದು ತುಂಬುವ ಮೊದಲೇ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ ತಿಂದವಳು. ಎದುರಿಗೆ ಬರುವ ದೋಣಿಗಳ ಹೆಸರನ್ನು ಕೂಡಿಸಿ ಕೂಡಿಸಿ ಕೂಗುತ್ತಿದ್ದಳು. ಆರೂವರೆಗೆ ಬರುವ ಹೊತ್ತಿಗೆ ಅವಳಿಗೆ ಎಲ್ಲ ಮರೆತುಹೋಯಿತು. ಮೊದಲು ಪದಗಳು, ಆಮೇಲೆ ಅಕ್ಷರಗಳು. ಪುಸ್ತಕ ತೆರೆದರೆ ತಲೆ ಅಲ್ಲಾಡಿಸುತ್ತಿದ್ದಳು. ವೀಬ್ರನ್ ಹೆದರಿಹೋದ. ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದ. ಕಣ್ಣು ಚೆನ್ನಾಗಿದೆ ಎಂದರು. ಇನ್ನು ತಲೆಯನ್ನೇ ಪರೀಕ್ಷೆ ಮಾಡಿಸಬೇಕೇನೋ ಎಂದು ಫೆನ್ನಾರನ್ನು ಕೇಳಿದ. "ದೊಡ್ಡ ಆಳು. ನನ್ನ ಎದುರಿಗೆ ಆ ಪುಟ್ಟ ಕುರ್ಚಿ ಮೇಲೆ ಕೂತು, 'ಮಿಸ್, ನನ್ನ ಮಗಳಿಗೇನಾಗಿದೆ' ಅಂದ."

ಉತ್ತರ ಸಿಕ್ಕಿದ್ದು ಹೋದ ಫೆಬ್ರವರಿಯಲ್ಲಿ. ಅವತ್ತು ಬಂದರಿನಲ್ಲಿದ್ದ ಮಗು ನಿಂಕೆ ಒಬ್ಬಳೇ. ಇಬ್ಬರೂ ಕಿಟಕಿಯ ಹತ್ತಿರ ನಿಂತು ಮಣಿ ಪೋಣಿಸುತ್ತಿದ್ದರು. ಹಸಿರು ಬಳಿದ ದೋಣಿಯೊಂದು ಒಳಗೆ ಬಂತು. "ನಿನ್ನ ಮಾವನ ದೋಣಿ ಬಂತಲ್ಲೇ," ಎಂದರು ಫೆನ್ನಾ.

"ಅಲ್ಲ ಮಿಸ್. ಬಣ್ಣ ಒಂದೇ, ಅಷ್ಟೆ. ಅದರ ಮೇಲೆ 'ಕಾರ್ನೇಲಿಯಾ' ಅಂತ ಇದೆ ನೋಡಿ."

ಹೇಳಿದವಳ ಕೈಯಿಂದ ಮಣಿಗಳು ಜಾರಿದವು. ಫೆನ್ನಾ ತಿರುಗಿ ನೋಡಿದಾಗ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಹೇಳ್ಬೇಡಿ ಮಿಸ್. ಅಪ್ಪಂಗೆ ಹೇಳ್ಬೇಡಿ."

"ಯಾಕೆ ಪುಟ್ಟಾ?"

"ಓದೋಕೆ ಬಂದ್ರೆ ದಡಕ್ಕೆ ಹಾಕ್ತಾರಂತೆ. ಬರ್ದೇ ಇದ್ರೆ ದೋಣಿಯಲ್ಲೇ ಇರ್ಬಹುದು."

ಹಾಗೆಂದು ಅವಳಿಗೆ ಹೇಳಿದ್ದು ಯಾರೋ ದೊಡ್ಡ ಮಕ್ಕಳು. ತಮಾಷೆಗೆ ಹೇಳಿದ್ದಿರಬೇಕು. ಆ ಮಾತನ್ನು ನಂಬಿ ಆರು ವರ್ಷದ ಮಗು ಇಡೀ ಚಳಿಗಾಲ ಬಂದ ವಿದ್ಯೆಯನ್ನು ಬಾಯೊಳಗೇ ಬಚ್ಚಿಟ್ಟುಕೊಂಡಿತ್ತು. ಫೆನ್ನಾ ಅವಳನ್ನು ಮಡಿಲಿಗೆಳೆದುಕೊಂಡು ನಿಜ ಹೇಳಿದರು: ಓದು ಬಂದರೂ ಹೋಗಬೇಕು, ಬರದಿದ್ದರೂ ಹೋಗಬೇಕು. ಏಳು ವರ್ಷಕ್ಕೆ ಎಲ್ಲರೂ ಹೋಗಬೇಕು.

ನಿಂಕೆ ಮಡಿಲಿನಿಂದ ಇಳಿದಳು. "ಹಂಗಾದ್ರೆ ಯಾಕೆ ಕಲಿಸಿದ್ರಿ?"

"ಅವಳು ಕೇಳಿದ್ದು ಸಿಟ್ಟಿಂದಲ್ಲ," ಎನ್ನುತ್ತಾರೆ ಫೆನ್ನಾ. "ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ಲು. ಓದಿದ್ರೆ ಕತೆ ಪುಸ್ತಕ ಓದ್ಬಹುದು, ಅಮ್ಮಂಗೆ ಬರೀಬಹುದು ಅಂತೆಲ್ಲ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳೋ ಮಾತಿದೆಯಲ್ಲ, ಅದ್ಯಾವ್ದೂ ಬಾಯಿಗೆ ಬರ್ಲಿಲ್ಲ. ಬಗ್ಗಿ ಮಣಿ ಆರಿಸ್ದೆ."

ಸಂಜೆ ನಿಂಕೆಯನ್ನು ದೋಣಿಗೆ ಬಿಡಲು ಹೋದ ಫೆನ್ನಾ, ಅವಳು ಅಪ್ಪನ ಹತ್ತಿರ ಓಡಿದ ಮೇಲೆ ಅಡುಗೆ ಕೋಣೆಗಿಳಿದರು. ಅಲೈದಾ ಆಲೂಗಡ್ಡೆ ಹೆರೆಯುತ್ತಿದ್ದಳು. ಫೆನ್ನಾ ವಿಷಯ ಹೇಳಿದರು. ಅಲೈದಾ ಚಾಕು ನಿಲ್ಲಿಸಲಿಲ್ಲ.

"ನಂಗೊತ್ತು ಮಿಸ್."

"ಯಾವಾಗಿಂದ?"

"ಕ್ರಿಸ್‌ಮಸ್‌ಗೆ ಮುಂಚಿಂದ. ಸಕ್ಕರೆ ಪೊಟ್ಟಣದ ಮೇಲಿರೋದನ್ನ ತುಟಿ ಅಲ್ಲಾಡಿಸ್ಕೊಂಡು ಓದ್ತಿದ್ಲು. ನನ್ನ ನೋಡಿದ ತಕ್ಷಣ ತುಟಿ ನಿಂತೋಯ್ತು."

"ಮತ್ತೆ ಡಾಕ್ಟರ ಹತ್ರ ಹೋದ್ರಲ್ಲ?"

"ಇವರ ಜೊತೆ ನಾನೂ ಹೋದೆ. ಕಣ್ಣು ಸರಿಯಾಗಿದೆ ಅಂದಾಗ ಆಶ್ಚರ್ಯ ಆದೋಳ ಥರ ನಟಿಸ್ದೆ. ಪಾಪ, ಇವರು ನಿಜವಾಗ್ಲೂ ಹೆದರ್ಕೊಂಡಿದ್ರು." ಚಾಕು ಆಗ ನಿಂತಿತು. "ದಡ್ಡಿ ಅಂತ ಯಾರಾದ್ರೂ ಹೇಳಿಬಿಟ್ರೆ ಇನ್ನೊಂದು ವರ್ಷ ನನ್ನ ಹತ್ರ ಬಿಡ್ತಾರೇನೋ ಅಂತ ಕಾಯ್ತಿದ್ದೆ. ಹೆತ್ತೋಳು ಮಗು ದಡ್ಡಿಯಾಗ್ಲಿ ಅಂತ ಆಸೆ ಪಡ್ತಾಳಾ ಮಿಸ್? ನಾನು ಪಟ್ಟೆ."

ಫೆನ್ನಾ ಗೂಟದಲ್ಲಿದ್ದ ಇನ್ನೊಂದು ಚಾಕು ತೆಗೆದುಕೊಂಡು ಅಲೈದಾ ಪಕ್ಕ ಕೂತು ಆಲೂಗಡ್ಡೆ ಹೆರೆದರು. ಬುಟ್ಟಿ ಖಾಲಿಯಾದ ಮೇಲೆ ಅಲೈದಾ ಮೇಲಕ್ಕೆ ಹೋಗಿ ಗಂಡನಿಗೆ ತಾನೇ ಹೇಳಿದಳು.

ಆಗಸ್ಟ್ ಕೊನೆಯಲ್ಲಿ ನಿಂಕೆ ಹೊರಟಳು. ಸರಕು ತುಂಬಿಸುವ ದಿನ ಅದೇ ಆಗಿದ್ದರಿಂದ ಅಲೈದಾ ದೋಣಿಯಲ್ಲಿ ಉಳಿಯಬೇಕಾಯಿತು. ಕಾರು ವೀಬ್ರನ್ ಓಡಿಸಿದ, ಜೊತೆಗೆ ಫೆನ್ನಾ ಹೋದರು. ಹಿಂದಿನ ಸೀಟಿನಲ್ಲಿ ಕೂತ ನಿಂಕೆ ಬಂದರು ದಾಟುತ್ತಿದ್ದ ಹಾಗೆ ಓದಲು ಶುರುಮಾಡಿದಳು. ಗಟ್ಟಿಯಾಗಿ, ರಸ್ತೆಬದಿಯ ಒಂದೊಂದು ಬೋರ್ಡನ್ನೂ. ಔಷಧಿ ಅಂಗಡಿ. ಗಾಡಿ ನಿಲ್ಲಿಸಬಾರದು. ತಾಜಾ ಮೀನು. ಮನೆ ಮಾರಾಟಕ್ಕಿದೆ. ಮುಚ್ಚಿಟ್ಟುಕೊಂಡದ್ದನ್ನೆಲ್ಲ ಒಂದೇ ಸಲ ಅಪ್ಪನ ಮುಂದೆ ಸುರಿಯುವವಳ ಹಾಗೆ, ಹಾಸ್ಟೆಲ್ ಬಾಗಿಲಿನವರೆಗೂ. ಬಾಗಿಲ ಮೇಲಿನ ಹೆಸರನ್ನೂ ಓದಿದಳು. ಆಮೇಲೆ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಬುಧವಾರ ಮಧ್ಯಾಹ್ನ ಇಲ್ಲಿ ಶಾಲೆ ಇಲ್ಲ. ಆ ಹೊತ್ತನ್ನು ಫೆನ್ನಾ ಹಾಸ್ಟೆಲ್ಲಿನಲ್ಲಿ ಕಳೆಯುತ್ತಾರೆ. ಯಾರೂ ಹೇಳಿದ ಕೆಲಸವಲ್ಲ. ಹೊಸದಾಗಿ ದಡಕ್ಕೆ ಬಿದ್ದ ಮಕ್ಕಳ ನಡುವೆ ಒಂದು ಕುರ್ಚಿ ಹಾಕಿಕೊಂಡು ಹೆಣಿಗೆ ಹೆಣೆಯುತ್ತಾ ಕೂರುತ್ತಾರೆ. ಮಕ್ಕಳು ಬರುತ್ತವೆ, ಒರಗುತ್ತವೆ, ಹೋಗುತ್ತವೆ. ನಿಂಕೆ ಬರಲಿಲ್ಲ. ಸೆಪ್ಟೆಂಬರ್ ಪೂರ್ತಿ, ಅಕ್ಟೋಬರ್ ಪೂರ್ತಿ, ಕೋಣೆಯ ಆಚೆ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಮಿಸ್ ಹೋಗುವಾಗ 'ಬರ್ತೀನಿ ನಿಂಕೆ' ಎಂದರೆ ಭುಜ ಕೊಡವುತ್ತಿದ್ದಳು.

ನಿಮಗೆ ನೋವಾಗಲಿಲ್ಲವೇ ಎಂದು ಫೆನ್ನಾರನ್ನು ಕೇಳಿದೆ.

"ಆಗ್ದೇ ಇರುತ್ತಾ? ಮನೆಗೆ ಬಂದು ಅತ್ತಿದೀನಿ. ಆದ್ರೆ ಸಿಟ್ಟು ಮಾಡ್ಕೊಂಡಿದ್ದಾಳಲ್ಲ, ಸದ್ಯ ಅಂತಾನೂ ಅನ್ಸುತ್ತೆ. ಸಿಟ್ಟಿರೋ ಮಗು ಇನ್ನೂ ಕೈಗೆ ಸಿಗುತ್ತೆ."

ಸಂಜೆ ಏಳಕ್ಕೆ ನಿಂಕೆ ಅಮ್ಮನಿಗೆ ಫೋನು ಮಾಡುತ್ತಾಳಂತೆ. ಮೊದಮೊದಲು ಊಟ, ನಿದ್ದೆ ವಿಚಾರಿಸುವುದರಲ್ಲೇ ಮಾತು ಮುಗಿಯುತ್ತಿತ್ತು. ಈಗ ಅವಳು ಕತೆ ಪುಸ್ತಕ ಓದುತ್ತಾಳೆ, ಅಲೈದಾ ಚುಕ್ಕಾಣಿ ಹಿಡಿದು ಕೇಳುತ್ತಾಳೆ. ಹೋದ ತಿಂಗಳು ದಕ್ಕೆಯಲ್ಲಿ ಸಿಕ್ಕ ಅಲೈದಾ ನನಗೆ ಹೇಳಿದ್ದು ಇಷ್ಟು: "ಅವಳು ಓದ್ತಾ ಓದ್ತಾ ದೊಡ್ಡೋಳಾಗ್ತಿದಾಳೆ. ಧ್ವನಿ ಬದಲಾಗೋದು ನಂಗೆ ಇಲ್ಲಿಂದ್ಲೇ ಕೇಳುತ್ತೆ. ಸಂತೋಷ ಪಡ್ಬೇಕು. ಅಳು ಬರುತ್ತೆ."

ಫೆನ್ನಾಗೆ ಇನ್ನು ಕೆಲವು ವರ್ಷಗಳ ಕೆಲಸ ಬಾಕಿ ಇದೆ. ಅವರ ನಂತರ ಈ ದೋಣಿಗಳನ್ನು ಹಾರಿಕೊಂಡು ಬರುವವರು ಸಿಗುತ್ತಾರೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಸನ್ಮಾನ, ಹೂಗುಚ್ಛ ಎಂದರೆ ಅವರು ಕೈ ಬೀಸಿ ಮಾತು ಮುರಿಯುತ್ತಾರೆ. ಆದರೆ ಮೊನ್ನೆಯ ಬುಧವಾರದ ಸಂಗತಿಯನ್ನು ತಾವಾಗಿಯೇ ಹೇಳಿದರು.

ಅವತ್ತು ಹೆಣಿಗೆ ಮುಗಿಸಿ ಏಳುವ ಹೊತ್ತಿಗೆ ನಿಂಕೆ ಆ ಮೂಲೆಯಿಂದ ಎದ್ದು ಬಂದಳಂತೆ. ಮಿಸ್ ಮುಖ ನೋಡಲಿಲ್ಲ. ಮೇಜಿನ ಮೇಲೆ ಪುಸ್ತಕವಿಟ್ಟು, ನಿಂತುಕೊಂಡೇ, ಒಂದು ಪುಟ ಓದಿದಳು.

"ಒಂದು ಪದ ತಪ್ಪು ಓದಿದ್ಲು," ಎನ್ನುತ್ತಾರೆ ಫೆನ್ನಾ. "ಇಷ್ಟು ದಿನ ಆದ್ಮೇಲೆ ಬಂದಿದಾಳೆ, ಬಿಟ್ಬಿಡೋಣ ಅಂದ್ಕೊಂಡೆ. ಬಿಡೋಕಾಗ್ಲಿಲ್ಲ. ಬೆರಳಿಟ್ಟು ತೋರಿಸ್ದೆ. ಅವಳು ನನ್ನ ಬೆರಳನ್ನ ಆ ಕಡೆ ಸರಿಸಿ, ಸಾಲಿನ ಮೊದಲಿಂದ ಮತ್ತೆ ಓದಿದ್ಲು. ಸರಿಯಾಗಿ ಓದಿದ್ಲು. ಪುಸ್ತಕ ತಗೊಂಡು ಹೋದ್ಲು."