ಮೇಸ್ತ್ರಿಯೂ ಮೇಷ್ಟ್ರೂ

ನಿಮ್ಮ ಕೆಲಸ ಏನು ಎಂದು ಹೊಸಬರು ಕೇಳಿದಾಗ ನಾನು ಸ್ವಲ್ಪ ಮೆಲ್ಲಗೆ ಉತ್ತರ ಕೊಡುತ್ತೇನೆ. ಅದರಲ್ಲೊಂದು ಕಳ್ಳಾಟವಿದೆ, ನಿಮ್ಮಲ್ಲಿ ಮುಚ್ಚಿಡುವುದೇಕೆ? ‘ಮೇಸ್ತ್ರಿ’ ಎನ್ನುವುದನ್ನು ಅರ್ಧ ನುಂಗಿ ಹೇಳಿದರೆ ಕೆಲವರ ಕಿವಿಗೆ ‘ಮೇಷ್ಟ್ರು’ ಎಂದು ಬೀಳುತ್ತದೆ. ತಕ್ಷಣ ಅವರು ನೆಟ್ಟಗೆ ಕೂರುತ್ತಾರೆ. ನಾನು ತಿದ್ದುವುದಿಲ್ಲ.

ನಾನು ಗಾರೆ ಕೆಲಸದವನು. ಬಾಗಲೂರಿನ ಸುತ್ತ ಎದ್ದಿರುವ ಮನೆಗಳಲ್ಲಿ ನನ್ನ ಕರಣೆ ತಾಗದ ಬೀದಿ ಕಡಿಮೆ. ನಮ್ಮ ಹೊಸೂರು ಸೀಮೆಯಲ್ಲಿ ಮೇಸ್ತ್ರಿ ಎಂದರೆ ಕನ್ನಡದವರಿಗೂ ಮೇಸ್ತ್ರಿ, ತಮಿಳರಿಗೂ ಮೇಸ್ತ್ರಿ, ತೆಲುಗರಿಗೂ ಮೇಸ್ತ್ರಿ. ಪಾಠ ಹೇಳುವವರಿಗೆ ಆ ಭಾಗ್ಯವಿಲ್ಲ. ಕನ್ನಡದಲ್ಲಿ ಮೇಷ್ಟ್ರಾದವರು ತಮಿಳಿನಲ್ಲಿ ವಾದ್ಯಾರ್ ಆಗಬೇಕು. ಮೇಸ್ತ್ರಿ, ಮೇಷ್ಟ್ರು ಎರಡೂ ಹಡಗು ಹತ್ತಿ ಬಂದ ಮಾತುಗಳಂತೆ, ಬೇರು ಒಂದೇ ಅಂತೆ. ಇದನ್ನು ಹೇಳಿದವಳು ನನ್ನ ಹೆಂಡತಿ ಮಂಜುಳ. ಅಂದಿನಿಂದ ನನ್ನ ಕಳ್ಳಾಟಕ್ಕೆ ಒಂದು ಶಾಸ್ತ್ರಾಧಾರವೂ ಸಿಕ್ಕಂತಾಯಿತು.

ಮಂಜುಳ ನನ್ನ ಮನೆಗೆ ಬಂದಾಗ ಪ್ಲಸ್ ಟೂ ಮುಗಿಸಿದ್ದಳು. ನಾನು ಏಳನೇ ತರಗತಿಯಲ್ಲಿ ಬಿಟ್ಟವನು. ಅವಳು ಮನೆಯಲ್ಲೇ ಕುಳಿತು ಅಂಚೆಯಲ್ಲಿ ಪಾಠ ತರಿಸಿಕೊಂಡು ಗಣಿತದ ಡಿಗ್ರಿ ಮಾಡಿದಳು. ಮಗಳು ಹೈಸ್ಕೂಲಿಗೆ ಸೇರಿದ ವರ್ಷ, “ಏನ್ರೀ, ನಾನು ಬಿ.ಎಡ್. ಮಾಡ್ತೀನಿ” ಎಂದಳು. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಎಷ್ಟು ಲೆಕ್ಕ ಬಂದರೂ ಸ್ಕೂಲಿನಲ್ಲಿ ನಿಲ್ಲಿಸಿಕೊಳ್ಳುವುದಿಲ್ಲವಂತೆ. ನಾನು ಧಾರಾಳವಾಗಿ ಒಪ್ಪಿದೆ. ಪಾಠ ಮಾಡಲು ಬೇಕಾದ್ದು ಒಂದು ಬಾಯಿ, ಒಂದು ಸೀಮೆಸುಣ್ಣ. ಅದಕ್ಕೆ ಎರಡು ವರ್ಷ ಯಾಕೆ ಎಂದು ಒಳಗೊಳಗೇ ನಗು ಬಂದಿತ್ತು.

ನಗು ಹೆಚ್ಚು ದಿನ ಉಳಿಯಲಿಲ್ಲ. ಮುಕ್ಕಾಲು ಗಂಟೆಯ ಒಂದು ಪಾಠಕ್ಕೆ ಅವಳು ಹದಿನಾಲ್ಕು ಪುಟ ಬರೆಯುತ್ತಿದ್ದಳು. ಏನು ಹೇಳಬೇಕು, ಏನು ಕೇಳಬೇಕು, ಮಕ್ಕಳು ತಪ್ಪು ಹೇಳಿದರೆ ಮುಂದೇನು, ಹಲಗೆಯ ಯಾವ ಮೂಲೆಯಲ್ಲಿ ಏನು ಬರೆಯಬೇಕು, ಎಲ್ಲವೂ ಅಲ್ಲಿತ್ತು. ನಾನು ಎರಡಂತಸ್ತಿನ ಮನೆಯನ್ನು ಸಿಗರೇಟು ಪ್ಯಾಕಿನ ಹಿಂಬದಿಯ ಗೀಟಿನ ಮೇಲೆ ಎಬ್ಬಿಸಿದವನು. ಇವಳು ಒಂದು ತ್ರಿಕೋನಕ್ಕೆ ಹದಿನಾಲ್ಕು ಪುಟದ ಪಾಯ ತೋಡುತ್ತಿದ್ದಳು. ಮೊದಲ ಬಾರಿಗೆ ನನಗೆ ನನ್ನ ಮನೆಗಳ ಬಗ್ಗೆ ಭಯವಾಯಿತು.

ಮುದ್ದೆ ತಿರುವುವ ಕೆಲಸ ಆಗ ನನ್ನ ಪಾಲಿಗೆ ಬಂತು. ಜೊತೆ ಕೆಲಸದ ಗೋವಿಂದ ಗೋಡೆಗೆ ಕಟ್ಟಿದ ಸಾರುವೆಯ ಮೇಲಿಂದಲೇ ಕೂಗುತ್ತಿದ್ದ: “ಏನ್ಲಾ ಮೇಸ್ತ್ರಿ, ಎಂಡ್ರು ಕಾಲೇಜ್ಗೆ, ನೀನು ಒಲೆ ಮುಂದ್ಕಾ? ಗಾರೆಯಂಗೆ ಕಲ್ಸ್‌ಬ್ಯಾಡ ಕಣ್ಲಾ, ಗಂಟಾಯ್ತದೆ!”

ಪಾಠ ಅಭ್ಯಾಸಕ್ಕೆ ಸಿಕ್ಕ ವಿದ್ಯಾರ್ಥಿಯೂ ನಾನೇ. ಸಂಜೆ ಕೆಲಸದಿಂದ ಬಂದು ಕಾಲು ತೊಳೆದರೆ ಕ್ಲಾಸು ಶುರು. ಒಂದು ದಿನ ಅವಳು ಏನೋ ಪ್ರಶ್ನೆ ಕೇಳಿ ಸುಮ್ಮನೆ ನಿಂತುಬಿಟ್ಟಳು.

“ಯಾಕೆ, ಮುಂದಕ್ಕೆ ಮರ್ತೋಯ್ತಾ?” ಎಂದೆ.

“ಇಲ್ರೀ, ಕಾಯ್ತಾ ಇವ್ನಿ. ಪ್ರಶ್ನೆ ಕೇಳಿದ್ ಮ್ಯಾಲೆ ಕಾಯ್ಬೇಕು. ಅದ್ಕೂ ಮಾರ್ಕ್ಸ್ ಅದೆ.”

“ಸುಮ್ಕೆ ನಿಂತ್ಕೊಳ್ಳಾಕೂ ಮಾರ್ಕ್ಸಾ?”

“ನಿಂತು ನೋಡಿ, ಗೊತ್ತಾಯ್ತದೆ.”

ಅವಳ ಎದುರು ನಕ್ಕೆನಾದರೂ ಆ ಮಾತು ಎಲ್ಲೋ ಚುಚ್ಚಿತು. ಮನೆಯ ಕಷ್ಟಕ್ಕೆ ಸ್ಕೂಲು ಬಿಟ್ಟೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ಏಳನೇ ತರಗತಿಯಲ್ಲಿ ಒಂದು ದಿನ ಮೇಷ್ಟ್ರು ನನ್ನನ್ನು ಎಬ್ಬಿಸಿ ಲೆಕ್ಕ ಕೇಳಿದರು. ಉತ್ತರ ಬರುತ್ತಿತ್ತು, ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ, “ಕೂತ್ಕೊ, ನೆಕ್ಸ್ಟ್” ಎಂದರು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದವರು, ಅವರನ್ನು ದೂರುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಅಭಿಮಾನ. ಮರುದಿನ ಅಪ್ಪನ ಜೊತೆ ಇಟ್ಟಿಗೆ ಹೊರಲು ಹೋದೆ. ಆ ಉತ್ತರ ಅಂದಿನಿಂದ ಗಂಟಲಲ್ಲೇ ಉಳಿದಿತ್ತು.

ಎರಡನೇ ವರ್ಷದ ಕೊನೆಗೆ ಪರೀಕ್ಷಕರ ಎದುರು ನಿಜವಾದ ಮಕ್ಕಳಿಗೆ ಪಾಠ ಮಾಡುವ ಪರೀಕ್ಷೆ. ಅದರಲ್ಲಿ ಬಿದ್ದರೆ ಸರ್ಟಿಫಿಕೇಟ್ ಇಲ್ಲ. ಪಾಠ, ಅವಳ ಲಂಬಕೋನ ತ್ರಿಭುಜ, ನಮ್ಮ ಭಾಷೆಯಲ್ಲಿ ಮೂಲೆಮಟ್ಟದ ತ್ರಿಕೋನ. “ತೋರಿಸೋಕೆ ಒಂದು ಮಾದರಿ ಬೇಕು, ರಟ್ಟಲ್ಲಿ ಮಾಡ್ಕೊಡ್ತೀರಾ?” ಎಂದಳು. ರಟ್ಟು! ಮೇಸ್ತ್ರಿಯ ಹೆಂಡತಿ ರಟ್ಟು ಹಿಡಿದು ಹೋಗುವುದೇ? ನಾನು ಎರಡು ಭಾನುವಾರ ಕೂತು, ಟೈಲ್ಸ್ ಚೂರುಗಳನ್ನು ಒಂದೇ ಅಳತೆಗೆ ಕುಯ್ದು, ತ್ರಿಕೋನದ ಮೂರು ಬದಿಗೂ ಒಂದೊಂದು ಚೌಕ ಕೂರಿಸಿ, ಅಡಿಗೆ ಸಿಮೆಂಟ್ ಹಾಕಿ ಗಟ್ಟಿ ಮಾಡಿದೆ. ಮೂರು ದಿನ ನೀರುಣಿಸಿದೆ ಕೂಡ. ನೂರು ವರ್ಷಕ್ಕೆ ಜಗ್ಗದ ಮಾದರಿ.

ಮಂಜುಳ ಎತ್ತಿದರೂ ಅದು ಜಗ್ಗುವುದಿಲ್ಲ ಎಂಬುದು ಪರೀಕ್ಷೆಯ ಬೆಳಿಗ್ಗೆ ತಿಳಿಯಿತು.

“ಏನ್ ಮಾಡ್ಬುಟ್ರಿ! ಇದ್ನ ಬಸ್ನಾಗೆ ಎಂಗೆ ತಕೊಂಡೋಗ್ಲಿ?” ಮಂಜುಳ ತಲೆಯ ಮೇಲೆ ಕೈ ಹೊತ್ತಳು. ಕೊನೆಗೆ ಅವಳು ಬಸ್ಸಿನಲ್ಲಿ, ಸಿಮೆಂಟಿನ ತ್ರಿಕೋನ ನನ್ನ ಮೊಪೆಡ್‌ನಲ್ಲಿ.

ಅದನ್ನು ತರಗತಿಯೊಳಗೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಅಲ್ಲಿನ ಅಟೆಂಡರ್ ಕೇಳಿದ: “ತಾವು ಯಾರು?” ಅವತ್ತು ನಾನು ಇಸ್ತ್ರಿ ಶರ್ಟ್ ಹಾಕಿದ್ದೆ. ಹಳೇ ಅಭ್ಯಾಸ, ಮೆಲ್ಲಗೆ ಅಂದೆ: “ಮೇಸ್ತ್ರಿ.”

“ಬನ್ನಿ ಮೇಷ್ಟ್ರೇ, ಪಾಠ ಶುರುವಾಯ್ತದೆ” ಎಂದು ಕರೆದೊಯ್ದು ಹಿಂದಿನ ಸಾಲಿನಲ್ಲಿ, ಪರೀಕ್ಷಕರ ಪಕ್ಕದ ಕುರ್ಚಿಯಲ್ಲೇ ಕೂರಿಸಿಬಿಟ್ಟ. ಪರೀಕ್ಷಕರು ಕೈ ಮುಗಿದರು. ನಾನೂ ಮುಗಿದೆ. ಮಂಜುಳ ತಿರುಗಿ ನೋಡಿದಳು. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಏಳುವ ಹಾಗಿಲ್ಲ, ಕೂರುವ ಹಾಗಿಲ್ಲ. ನನ್ನ ಒಂದಕ್ಷರದ ಕಳ್ಳಾಟ ಅವಳ ಎರಡು ವರ್ಷವನ್ನು ನುಂಗಿದರೆ?

ಅವಳು ಉಸಿರೆಳೆದುಕೊಂಡು ಶುರು ಮಾಡಿದಳು. ಆಮೇಲೆ ನಾನು ನನ್ನನ್ನೇ ಮರೆತೆ. ಮೂರಡಿ, ನಾಲ್ಕಡಿ, ಐದಡಿ ದಾರ ಹಿಡಿದರೆ ಮೂಲೆ ಮಟ್ಟವಾಗುತ್ತದೆ ಎಂದು ನನಗೆ ಅಪ್ಪ ಕಲಿಸಿದ್ದ. ಎಷ್ಟೋ ಮನೆಗಳ ಮೂಲೆಗಳನ್ನು ಹಾಗೇ ಕಟ್ಟಿದ್ದೇನೆ. ಯಾಕೆ ಹಾಗೆ ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ನಾನೇ ಅಂಟಿಸಿದ ಟೈಲ್ಸ್ ಚೂರುಗಳ ಮೇಲೆ ಅವಳ ಬೆರಳು ಓಡುತ್ತಿತ್ತು. ಸಣ್ಣ ಚೌಕದಲ್ಲಿ ಒಂಬತ್ತು, ನಡುವಿನದರಲ್ಲಿ ಹದಿನಾರು.

“ಈ ಎರಡನ್ನೂ ಕಿತ್ತು ದೊಡ್ಡ ಚೌಕದಲ್ಲಿ ಜೋಡಿಸಿದ್ರೆ ಏನಾಗುತ್ತೆ? ಪವಿತ್ರ, ಹೇಳು.”

ಕಿಟಕಿ ಪಕ್ಕದ ಹುಡುಗಿ ಎದ್ದಳು. ಬಾಯಿ ತೆರೆದಳು, ಮುಚ್ಚಿದಳು. ಮಂಜುಳ ಕಾದಳು. ಪರೀಕ್ಷಕರು ಗಡಿಯಾರ ನೋಡಿದರು. ಮುಂದಿನ ಸಾಲಿನಲ್ಲಿ ನಾಲ್ಕು ಕೈ ಎದ್ದವು. ಕೇಳೇ, ಬೇರೆಯವರನ್ನ ಕೇಳೇ, ಮಾರ್ಕ್ಸ್ ಹೋಗುತ್ತದೆ ಎಂದು ನನ್ನ ಜೀವ ಬಡಿದುಕೊಳ್ಳುತ್ತಿತ್ತು. ಮಂಜುಳ ಕದಲಲಿಲ್ಲ. ಆ ಹುಡುಗಿಯ ಮುಖವನ್ನು, ಅಲ್ಲಿ ಏನೋ ಚಿಗುರುತ್ತಿರುವುದು ತನಗೆ ಕಾಣುತ್ತಿದೆ ಎಂಬಂತೆ, ನೋಡುತ್ತ ನಿಂತಿದ್ದಳು. ಗೋಡೆ ಎಬ್ಬಿಸುವುದು ನನಗೆ ಗೊತ್ತು. ಒಂದು ಮಗುವಿನ ಎದುರು ಹಾಗೆ ನಿಲ್ಲುವುದು ಎಂಥ ಕಟ್ಟೋಣ!

“ಸರಿಯಾಗೋಯ್ತದೆ ಮಿಸ್,” ಎಂದಳು ಪವಿತ್ರ. “ಇಪ್ಪತ್ತೈದು. ಒಂದ್ ಚೂರೂ ಮಿಗಲ್ಲ.”

ನನ್ನ ಗಂಟಲಲ್ಲಿದ್ದ ಏನೋ ಇಳಿಯಿತು.

ಪಾಠ ಮುಗಿದ ಮೇಲೆ ಪರೀಕ್ಷಕರು ನನ್ನ ಕಡೆ ತಿರುಗಿದರು. “ಯಾವ ಸ್ಕೂಲು ಸಾರ್ ತಮ್ಮದು?”

ಜೀವನದಲ್ಲಿ ಮೊದಲ ಬಾರಿ ಆ ‘ಸ್ತ್ರಿ’ ಅಕ್ಷರವನ್ನು ಒತ್ತಿ ಹೇಳಿದೆ. “ನಾನು ಮೇಷ್ಟ್ರಲ್ಲ ಸಾರ್, ಮೇಸ್ತ್ರಿ. ಆ ಸಿಮೆಂಟಿಂದು ಮಾಡಿದೋನು. ಪಾಠ ಮಾಡಿದ್ದು ನಮ್ ಮನೆಯೋರು. ತಪ್ಪು ನಂದು, ಅವ್ರ ಮಾರ್ಕ್ಸ್ ಕಡೀಬ್ಯಾಡಿ.”

ಅವರು ಜೋರಾಗಿ ನಕ್ಕರು. “ಹಂಗಾದ್ರೆ ಹೇಳಿ ಮೇಸ್ತ್ರಿ, ಈ ಗೋಡೆ ನೆಟ್ಟಗಿದೆಯಾ?”

“ಇಲ್ಲ ಸಾರ್, ಒಂದಂಗುಲ ವಾಲ್ಕೊಂಡದೆ. ಪಾಠ ಮಾತ್ರ ನೆಟ್ಟಗಿತ್ತು.”

ಮನೆ ತಲುಪಿದ ಮೇಲೆ ಮಂಜುಳ ಆಡಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಅವಳು ಪಾಸಾದಳು. ಇನ್ನು ಟೆಟ್ ಎಂಬ ಮತ್ತೊಂದು ಪರೀಕ್ಷೆಯಿದೆ; ಅದಕ್ಕೂ ಓದುತ್ತಿದ್ದಾಳೆ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ, ವಾಲಿಲ್ಲವೆಂದು ರಸಮಟ್ಟ ಇಟ್ಟು ನೋಡಿ ನಾನೇ ಗೋಡೆಗೆ ತೂಗು ಹಾಕಿದೆ. ಸ್ಟೂಲಿನಿಂದ ಇಳಿಯುವಾಗ ಮಂಜುಳ ಕೇಳಿದಳು: “ಏನ್ರೀ, ಎಂಟನೇ ಕ್ಲಾಸ್ ಪರೀಕ್ಷೇನ ಪ್ರೈವೇಟಾಗಿ ಕಟ್ಬೋದಂತೆ. ಕಟ್ತೀರಾ?”

ನಾನು ಮೊಳೆ ಹುಡುಕಿದೆ. ಸುತ್ತಿಗೆ ಒರೆಸಿದೆ. ಈ ವಯಸ್ಸಿಗೆ ಇದೆಲ್ಲ ಯಾಕೆ ಎನ್ನಲು ಬಾಯಿ ತೆರೆದು, ಮುಚ್ಚಿದೆ.

ಇದಾಗಿ ಹದಿನೈದು ದಿನವಾಯಿತು. ಅವಳು ಮತ್ತೆ ಕೇಳಿಲ್ಲ, ಬೇರೆ ಮಾತಿಗೂ ತಿರುಗಿಸಿಲ್ಲ. ದಿನಾ ಸಂಜೆ ನಾನು ಕಾಲು ತೊಳೆದು ಒಳಗೆ ಬಂದಾಗ ಒಮ್ಮೆ ನನ್ನ ಮುಖ ನೋಡುತ್ತಾಳೆ, ಅಷ್ಟೆ. ಕಾಯುತ್ತಿದ್ದಾಳೆ.